ಬೆಳ್ಳಕ್ಕಿಗಳ ಕೆಳಗೆ ನಗೆ ಕ್ಲಬ್

ಕಗ್ಗದಾಸಪುರದ ಕೆರೆ ದಡದ ದೊಡ್ಡ ಮರದಡಿ ನಗೆ ಕ್ಲಬ್ ಶುರು ಮಾಡಿದವಳೇ ನಾನು. ಹೊಲಿಗೆ ಅಂಗಡಿ ತೆರೆಯುವ ಮುಂಚೆ ದಿನಾ ಎಲ್ಲರನ್ನೂ ಬಲವಂತವಾಗಿ ಹೊಹ್ಹೊ ಎಂದು ನಗಿಸುತ್ತಿದ್ದೆ. ಒಂದು ಬೆಳಿಗ್ಗೆ ಕೆರೆಯ ಕಾವಲುಗಾರ ಬಂದು ತಡೆದ.

"ಮೇಡಂ, ಮೇಲೆ ಬೆಳ್ಳಕ್ಕಿ ಮರಿ ಮಾಡಿವೆ. ಈ ಕಡೆ ಗಲಾಟೆ ಮಾಡಂಗಿಲ್ಲ. ಗೇಟ್ ಹತ್ರ ಹೋಗ್ಬಿಡಿ."

"ನಾನು ಜಾಗ ಬಿಡಲ್ಲ ಕಣಪ್ಪ. ಸದ್ದಿಲ್ಲದೆ ನಗ್ತೀವಿ, ಆಗುತ್ತಾ?"

"ನಕ್ಕು ತೋರಿಸಿ, ನೋಡೋಣ."

ಎಲ್ಲರೂ ಕೈಯೆತ್ತಿ, ಬಾಯಿ ತೆರೆದು, ಸದ್ದಿಲ್ಲದೆ ನಿಂತೆವು. ಒಬ್ಬರ ಮುಖ ಒಬ್ಬರು ನೋಡಿದ್ದೇ ತಡ, ನಿಜವಾದ ನಗು ಉಕ್ಕಿ ಬಂತು. ಕಾವಲುಗಾರನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಳ್ಳಕ್ಕಿಗಳು ಗಾಬರಿಯಿಂದ ಗೂಡು ಬಿಟ್ಟು ಹಾರಿದವು.

ಮರಿಗಳ ಮುಖ ನೋಡಿ ಹಟ ಬಿಟ್ಟೆ. ಈಗ ಗೇಟಿನ ಬಳಿ ಎಷ್ಟು ಜೋರಾಗಿ ಬೇಕಾದರೂ ನಗಬಹುದು. ಆದರೆ ಅಲ್ಲಿ ಯಾರಿಗೂ ನಗುವೇ ಬರುತ್ತಿಲ್ಲ. ಮತ್ತೆ ನಾನೇ ನಗಿಸಬೇಕು.