ಟ್ಯಾಂಕ್ ಮ್ಯೂಸಿಯಂ ಮತ್ತು ಎರಡು ಚಹಾ

ಗೆಳೆಯರೇ, ಇವತ್ತು ಬ್ಯಾಂಕಿನಲ್ಲಿ ನನ್ನ ಮಾನ ನಾನೇ ಕಳೆದುಕೊಂಡೆ. ದಸರಾ ರಜೆಗೆ ಮಕ್ಕಳಿಗೆ ಯುದ್ಧಟ್ಯಾಂಕುಗಳ ಮ್ಯೂಸಿಯಂ ತೋರಿಸಬೇಕು. ಅಹಮದ್‌ನಗರದ್ದೋ ಜೈಸಲ್ಮೇರಿನದ್ದೋ ಎಂದು ನಮ್ಮ ಸಿರುಗುಪ್ಪ ಶಾಖೆಯಲ್ಲಿ ಸಹೋದ್ಯೋಗಿಯ ಜೊತೆ ಜೋರು ವಾದಕ್ಕಿಳಿದಿದ್ದೆ. ಬಾಗಿಲಲ್ಲಿದ್ದ ಗಾರ್ಡ್ ಹುಸೇನಪ್ಪ ಏನೋ ಹೇಳಲು ಬಂದರು.

"ನಿಮಗ ಅದೆಲ್ಲ ತಿಳಿಯಂಗಿಲ್ಲ ಬಿಡ್ರಿ. ಎರಡು ಚಾ ತರ್ರಿ" ಅಂದೆ.

ತಂದರು. ಲೋಟ ಇಡುತ್ತಾ ಮೆಲ್ಲಗೆ ಹೇಳಿದರು: "ಅಹಮದ್‌ನಗರಕ್ಕ ಹೋಗ್ರಿ ಸರ್. ನಾನು ಮಿಲ್ಟ್ರಿಯಾಗ ಟ್ಯಾಂಕ್ ಓಡ್ಸಾಕ ಕಲ್ತಿದ್ದು ಅದೇ ಊರಾಗ. ಹದಿನೇಳು ವರ್ಷ ಓಡ್ಸೀನಿ."

ಮೂರು ವರ್ಷದಿಂದ ಅವರ ಕೈಯಲ್ಲೇ ಚಹಾ ತರಿಸಿ ಕುಡಿಯುತ್ತಿದ್ದೇನೆ. ಮೊದಲು ಏನು ಮಾಡುತ್ತಿದ್ದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ನಾಳೆ ಅವರಿಗೆ ನಾನೇ ಚಹಾ ತರುತ್ತೇನೆ. ಅಂಗಡಿ ಎಲ್ಲಿದೆ ಎಂದು ಮಾತ್ರ ಅವರನ್ನೇ ಕೇಳಬೇಕು.