ಜುಗಾಡ ಯಲ್ಲೇಶನೂ ನನ್ನ ಅಳತೆಯೂ

ಖಾನಾಪುರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಗಂಡನದೊಂದು ರಿಪೇರಿ ಅಂಗಡಿಯಿದೆ. ಬೋರ್ಡಿಲ್ಲ. ಯಾರನ್ನು ಕೇಳಿದರೂ 'ಜುಗಾಡ ಯಲ್ಲೇಶನ ಅಂಗಡಿ' ಎಂದು ಕೈ ತೋರಿಸುತ್ತಾರೆ. ಜುಗಾಡ ಎಂದರೆ ಕೈಗೆ ಸಿಕ್ಕಿದ್ದನ್ನು ಹೊಂದಿಸಿ ಹೇಗೋ ಕೆಲಸ ನಡೆಸುವುದು. ಹಾಗೆ ಕರೆದರೆ ಅವನಿಗೆ ಪದವಿ ಕೊಟ್ಟಷ್ಟು ಖುಷಿ. ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನನ್ನು ನೋಡಲು ಬಂದ ದಿನವೇ ನನಗೆ ಬುದ್ಧಿ ಬರಬೇಕಿತ್ತು. ಅವಲಕ್ಕಿ ತಿಂದು ಸುಮ್ಮನೆ ಕೂರುವ ಬದಲು, ನಮ್ಮ ಮಿಕ್ಸರ್ ಕೆಟ್ಟಿದೆ ಎಂದು ತಿಳಿದದ್ದೇ ತಡ, ಅಡುಗೆಮನೆಗೆ ನುಗ್ಗಿ ನನ್ನ ತಲೆಯ ಪಿನ್ನನ್ನೇ ಇಸಿದುಕೊಂಡು ಅದರ ಹೊಟ್ಟೆಗೆ ತುರುಕಿ ಚಾಲೂ ಮಾಡಿದ. ಅಪ್ಪ ಅಲ್ಲೇ ಮಾತು ಕೊಟ್ಟುಬಿಟ್ಟರು. ಮಿಕ್ಸರ್ ಹನ್ನೊಂದು ದಿನ ಓಡಿತು. ನಾನು ಹದಿನಾಲ್ಕು ವರ್ಷದಿಂದ ಓಡುತ್ತಿದ್ದೇನೆ.

ಮನೆಯಲ್ಲಿ ಬಚ್ಚಲ ಬಾಗಿಲಿಗೆ ಸೈಕಲ್ ಕಡ್ಡಿಯ ಚಿಲಕ. ನಲ್ಲಿಯೊಳಗೆ ಹಳೆ ಚಪ್ಪಲಿಯ ತುಂಡು. ಫ್ಯಾನಿನ ವೇಗ ಬದಲಿಸಲು ಕಟ್ಟಿಗೆ ಚಮಚೆ ಬೇಕು, ಏಕೆಂದರೆ ಬರಿಗೈಯಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಯಾವುದೂ ಕೆಟ್ಟಿಲ್ಲ, ಯಾವುದೂ ಸರಿಯಿಲ್ಲ.

ಹೋದ ವರ್ಷ ಬೆಳಗಾವಿಯ ಶಿವಬಸವ ನಗರದಿಂದ ಗುರುಪುತ್ರಪ್ಪ ಎಂಬ ನಿವೃತ್ತ ಮಾಸ್ತರರು ಬಂದಿದ್ದರು. ಪತ್ರಿಕೆಗೆ ಈ 'ಜುಗಾಡ' ಎಂಬ ಶಬ್ದದ ಬಗ್ಗೆ ಬರೆಯುತ್ತಾರಂತೆ. ಉತ್ತರದ ಕಡೆ ನೀರೆತ್ತುವ ಎಂಜಿನ್ನನ್ನು ಬಂಡಿಗೆ ಬಿಗಿದು ಜನ ಓಡಾಡುತ್ತಿದ್ದರು, ಆ ಬಂಡಿಗೂ ಜುಗಾಡ ಎನ್ನುತ್ತಾರೆ ಎಂದರು. ಮೂಲದಲ್ಲಿ ಇದು ನಮ್ಮ 'ಯುಕ್ತಿ'ಯೇ, ಸವೆದು ಸವೆದು ಹೀಗಾಗಿದೆ ಎಂದು ಕೆಲವರ ಅಭಿಪ್ರಾಯ ಎಂದೂ ಹೇಳಿದರು. ಯಲ್ಲೇಶ ಎದೆಯುಬ್ಬಿಸಿ ಕೂತಿದ್ದ. ನಾನು ಚಹಾ ಇಡುತ್ತ, "ಸವದದ್ದು ಖರೇ ರೀ ಸರ. ನಮ್ಮ ಮನಿ ಮುಟ್ಟೂದ್ರಾಗ ಯುಕ್ತಿ ಪೂರಾ ಸವದ ಹೋಗೇತಿ," ಎಂದೆ. ಮೂಲೆಯಲ್ಲಿದ್ದ ಅತ್ತೆ ಭರಮವ್ವ, "ಕುರಿ ಕಾಯೂ ಮಂದಿ ನಾವು. ಹರಿದ ಕಂಬಳಿಗಿ ಹಚ್ಚಿದಂಗ, ಇದಕ್ಕೂ ತ್ಯಾಪಿ ಹಚ್ಚೂದು ಅಂತಿದ್ವಿ," ಎಂದರು. ಮಾಸ್ತರರು ಅದನ್ನು ಬರೆದುಕೊಳ್ಳಲಿಲ್ಲ. ಇಡೀ ದಿನ ಆಡಿದ ಮಾತಿನಲ್ಲಿ ಅದೊಂದೇ ಪ್ರಾಮಾಣಿಕವಾಗಿತ್ತು.

ನನಗೆ ಇಷ್ಟು ಸೊಕ್ಕು ಬಂದದ್ದು ನನ್ನ ಕೆಲಸದಿಂದ. ದಿನಾ ಬಸ್ಸು ಹಿಡಿದು ಬೆಳಗಾವಿಯ ಒಂದು ಕಾರ್ಖಾನೆಗೆ ಹೋಗುತ್ತೇನೆ. ಟ್ರ್ಯಾಕ್ಟರಿಗೆ ಬೇಕಾದ ಕಬ್ಬಿಣದ ಕೊಳವೆಗಳು ಅಲ್ಲಿ ತಯಾರಾಗುತ್ತವೆ. ಒಳಗಿನ ತೂತು ಕೂದಲಿನ ಕಾಲು ಭಾಗದಷ್ಟು ದೊಡ್ಡದಾದರೂ ಎಣ್ಣೆ ಸೋರುತ್ತದೆ. ಗಡಿಯಾರದಂಥ ಮುಖದ ಗೇಜನ್ನು ಒಳಗಿಳಿಸಿ, ಮುಳ್ಳು ನೋಡಿ, ಪಾಸ್ ಅಥವಾ ಫೇಲ್ ಎನ್ನುವವಳು ನಾನು. 'ಮನಿಷಾಬಾಯಿ ಕೈಯಾಗ ತಪ್ಪಾಗೂದಿಲ್ಲ' ಎಂದು ಎಲ್ಲರೂ ಹೇಳುತ್ತಿದ್ದರು. ಅದನ್ನು ಮನೆಗೆ ತಂದು ಗಂಡನ ಮುಖಕ್ಕೆ ಹೇಳುತ್ತಿದ್ದೆ.

ಈ ಮಾರ್ಚಿನಲ್ಲಿ ನನ್ನ ನೌಕರಿ ಕಾಯಂ ಆಗುವುದಿತ್ತು. ಅದೇ ವಾರ ಗೇಜು ಕೈಜಾರಿ ನೆಲಕ್ಕೆ ಬಿತ್ತು. ಮುಳ್ಳು ಅಲ್ಲೇ ನಿಂತಿತು. ಬಿದ್ದ ಗೇಜನ್ನು ಕೆಂಪು ಪೆಟ್ಟಿಗೆಗೆ ಹಾಕಿ, ಬಿತ್ತೆಂದು ಬರೆದುಕೊಡಬೇಕು. ಬರೆದರೆ ಕಾಯಂ ಪತ್ರ ಬರುವುದಿಲ್ಲ. ಊಟದ ಡಬ್ಬಿಯಲ್ಲಿ ಅದನ್ನು ಮುಚ್ಚಿಟ್ಟುಕೊಂಡು ಮನೆಗೆ ಬಂದೆ.

ಗೇಜನ್ನು ಯಲ್ಲೇಶನ ಮುಂದಿಟ್ಟೆ. ಅವನು ನಗಲಿಲ್ಲ. ಅಲಾರಂ ಗಡಿಯಾರದ ಕೂದಲೆಳೆ ಸ್ಪ್ರಿಂಗ್ ಕಿತ್ತು, ಚಿಮಟದಿಂದ ಒಳಗೆ ಕೂರಿಸಿದ. ಮುಳ್ಳು ಓಡಿತು.

"ಓಡೂದು ಓಡ್ತೈತಿ. ಖರೇ ಹೇಳ್ತೈತೋ ಇಲ್ಲೋ ನನಗ ಗೊತ್ತಿಲ್ಲ. ಇದರ ಮ್ಯಾಲಿ ಮಾಲ ಪಾಸ್ ಮಾಡಬ್ಯಾಡ," ಎಂದ.

"ಅಳತಿ ಬಗ್ಗೆ ನೀವು ನನಗ ಹೇಳಬ್ಯಾಡ್ರಿ," ಎಂದೆ.

ಎರಡು ದಿನ ಅದರ ಮೇಲೆಯೇ ಪಾಸ್ ಮಾಡಿದೆ. ಮೂರನೆಯ ದಿನ ನಮ್ಮ ವಿಭಾಗದ ಮುಖ್ಯಸ್ಥ ಹಿದಾಯತುಲ್ಲಾ ಸಾಹೇಬರು ಪಾಸಾದ ರಾಶಿಯಿಂದ ನಾಲ್ಕು ಕೊಳವೆ ಎತ್ತಿ, ತಮ್ಮ ಗೇಜಿನಿಂದ ಅಳೆದರು. ನಾಲ್ಕರಲ್ಲಿ ಮೂರು ಹಾಳು. ನನ್ನ ಕಡೆ ಯಾರೂ ನೋಡಲೇ ಇಲ್ಲ. ಯಂತ್ರ ನಡೆಸುವ ಸೋಮಲಿಂಗನನ್ನು ಕರೆದರು.

"ಮನಿಷಾಬಾಯಿ ಪಾಸ್ ಮಾಡಿದ ಮ್ಯಾಲೆ ಲೆಕ್ಕ ತುಂಬಸಾಕ ಕೆಟ್ಟ ಮಾಲು ತಂದು ಈ ರಾಶಿಗಿ ಕೂಡಿಸೀಯಲ್ಲೋ? ಸಂಜಿಗಿ ಲೆಕ್ಕ ತೀರಿಸಿಕೊಂಡು ಮನಿಗಿ ಹೋಗು."

ಸೋಮಲಿಂಗ ಹಿಂಡಲಗಾದಿಂದ ಸೈಕಲ್ ತುಳಿದು ಬರುವ ಮನುಷ್ಯ, ಮಾತು ಕಡಿಮೆ. "ನಾ ಕೂಡಿಸಿಲ್ಲ ರೀ. ಬಾಯಾರನ್ನ ಕೇಳ್ರಿ, ಅವರು ಖರೇ ಹೇಳತಾರ," ಎಂದು ನನ್ನತ್ತ ತಿರುಗಿದ.

ನನ್ನ ತಲೆಯಲ್ಲಿ ಆಗ ಬಂದದ್ದನ್ನು ಮುಚ್ಚಿಡುವುದಿಲ್ಲ. ಎಲ್ಲವನ್ನೂ ಗಂಡನ ತಲೆಗೆ ಕಟ್ಟಬಹುದಿತ್ತು. ಆ ಜುಗಾಡ ಮನುಷ್ಯ ಮನೆಯಲ್ಲಿ ನನಗೆ ಗೊತ್ತಿಲ್ಲದೆ ಗೇಜು ಬಿಚ್ಚಿ ಹಾಳು ಮಾಡಿದ ಎಂದರೆ ಖಾನಾಪುರದಲ್ಲಿ ನಂಬದವರು ಯಾರು? ಹದಿನಾಲ್ಕು ವರ್ಷ ಅವನನ್ನು ಹೀಯಾಳಿಸಿ ನಾನೇ ಆ ಸುಳ್ಳಿಗೆ ಸಾಕ್ಷಿ ತಯಾರು ಮಾಡಿಟ್ಟಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಗೇಜನ್ನು ಸಾಹೇಬರ ಮೇಜಿನ ಮೇಲಿಟ್ಟೆ. "ಸೋಮಲಿಂಗಂದು ತಪ್ಪಿಲ್ಲ ರೀ. ಇದು ನನ್ನ ಕೈಯಾಗಿಂದ ಬಿದ್ದಿತ್ತು," ಎಂದೆ.

ಸಾಹೇಬರು ಅದನ್ನು ಬಿಚ್ಚಿ, ಅಲಾರಂ ಗಡಿಯಾರದ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಯಾರು ಮಾಡಿದ್ದು?"

"ನಮ್ಮ ಮನಿಯವರು. ಇದರ ಮ್ಯಾಲಿ ಪಾಸ್ ಮಾಡಬ್ಯಾಡ ಅಂತ ಅವರು ಹೇಳಿದ್ರು. ಮಾಡಿದಾಕಿ ನಾನು."