ಮೈನಸ್ ಏಳು ಪಾಯಿಂಟ್ ನಾಲ್ಕು

ನಮ್ಮ ಭಾವನ ಎದುರಿಗೆ ಯಾರೂ "ಅಬ್ಬಾ, ಏನು ಚಳಿ" ಎನ್ನಬಾರದು. ಅಂದರೆ ಮುಗಿಯಿತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಏರಿಸಿಕೊಂಡು, "ಇದಾ? ಇದು ಚಳೀನಾ?" ಎಂದು ಶುರು ಹಚ್ಚಿಕೊಳ್ಳುತ್ತಾರೆ. ಕ್ಯಾನಿನಲ್ಲೇ ಹಾಲು ಗಟ್ಟಿಯಾದ ವರ್ಷ ಮೈನಸ್ ಎರಡು ಇತ್ತಂತೆ. ಅವರ ಪ್ರಕಾರ ಅದಿನ್ನೂ ತೊಟ್ಟಿಲಲ್ಲಿದ್ದ ಚಳಿ. ಶಾಲೆಗಳಿಗೆ ವಾರವಿಡೀ ರಜೆ ಕೊಟ್ಟ ವರ್ಷ ಮೈನಸ್ ಮೂರೂವರೆ. ಅದು ಪರವಾಗಿಲ್ಲ, ಕಲಿಯುತ್ತಿತ್ತು. ಚಳಿ ಎಂದರೆ ನಲವತ್ತು ವರ್ಷದ ಹಿಂದಿನದು. ಮೈನಸ್ ಏಳು ಪಾಯಿಂಟ್ ನಾಲ್ಕು. ಇವತ್ತಿಗೂ ನಮ್ಮ ಈ ಎತ್ತರದ ಬೆಟ್ಟದೂರಿನ ದಾಖಲೆ ಅದೇ. ಅದನ್ನು ಓದಿ ಬರೆದವರು ಆಗಿನ ಹವಾಮಾನ ಕೇಂದ್ರದ ವೀಕ್ಷಕರು, ಅಂದರೆ ಸಾಕ್ಷಾತ್ ನಮ್ಮ ಭಾವ.

"ಬೆಳಿಗ್ಗೆ ಏಳು ಗಂಟೆ. ರಸ್ತೇಲಿ ನಾಯಿ ಕೂಡ ಇಲ್ಲ. ಒಬ್ಬನೇ ನಡೆದೆ. ಬಿಟ್ಟ ಉಸಿರು ಮೀಸೆ ಮೇಲೆ ಕೂತು ಮೀಸೆ ಬೆಳ್ಳಗಾಗೋಯ್ತು" ಎನ್ನುತ್ತಾರೆ. ಆ ವರ್ಷದ ಫೋಟೊದಲ್ಲಿ ಅವರಿಗೆ ಮೀಸೆಯೇ ಇಲ್ಲ. ಆಗ ಅವರಿದ್ದ ಕ್ವಾರ್ಟರ್ಸಿನ ಬಾಗಿಲಿನಿಂದ ಥರ್ಮಾಮೀಟರ್ ಇಟ್ಟಿದ್ದ ಬಿಳಿ ಪೆಟ್ಟಿಗೆಗೆ ಅರವತ್ತು ಹೆಜ್ಜೆ. ಕಥೆಯಲ್ಲಿ ಅದು ಬೆಳೆದು ಬೆಳೆದು ಈಗ ಅರ್ಧ ಮೈಲಿಗೆ ಬಂದು ನಿಂತಿದೆ. ಕೇಳುವವರು ತಲೆದೂಗುತ್ತಾರೆ. ಅಕ್ಕ ಚಹಾ ತಂದಿಟ್ಟು, ಮುಖದಲ್ಲಿ ಏನನ್ನೂ ತೋರಿಸದೆ ಒಳಗೆ ಹೋಗುತ್ತಾಳೆ.

ಏಕೆಂದರೆ ಆ ಬೆಳಿಗ್ಗೆ ಭಾವ ಮೂರು ಕಂಬಳಿಗಳ ಕೆಳಗಿದ್ದರು.

ಇದು ಗೊತ್ತಿದ್ದವರು ಮೂವರೇ: ಭಾವ, ಅಕ್ಕ, ಅಕ್ಕನ ತಂಗಿಯಾದ ನಾನು. ಹಿಂದಿನ ಸಂಜೆ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ್ದ ನೀರಿಗೆ ಕಾಲಿಟ್ಟು ಭಾವ ಜಾರಿ ಬಿದ್ದಿದ್ದರು. ಪಾದ ಊದಿ ಕುಂಬಳಕಾಯಿಯಾಗಿತ್ತು. ಮಂಜುಗಡ್ಡೆ ಕಟ್ಟಿ ರಸ್ತೆ ಮುಚ್ಚಿದ್ದರಿಂದ ಬದಲಿ ವೀಕ್ಷಕ ಬರುವಂತಿರಲಿಲ್ಲ. ಭಾವ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಏಳು ಗಂಟೆಯ ಅಂಕಿ ತಪ್ಪಿಸುವ ಹಾಗೂ ಇರಲಿಲ್ಲ. ಹೋಗಿ ನೋಡಿಕೊಂಡು ಬಂದವಳು ಅಕ್ಕ. ಭಾವ ಹಾಸಿಗೆಯಲ್ಲೇ ಅಂಕಿ ಬರೆದು ಸಹಿ ಹಾಕಿದರು. ಮೀಸೆ ಮತ್ತು ಅರ್ಧ ಮೈಲಿ ಆಮೇಲೆ ಸೇರಿದ್ದು.

ಇಂಥ ಕಥೆ ಕೈಯಲ್ಲಿದ್ದರೆ ನಾದಿನಿಯಾದವಳು ಸುಮ್ಮನಿರುತ್ತಾಳೆಯೇ? ಪಕ್ಕದ ಬೀದಿಯಲ್ಲಿ ನನ್ನ ಹೊಲಿಗೆ ಅಂಗಡಿ. ಮಧ್ಯಾಹ್ನ ಊಟಕ್ಕೆ ಅಕ್ಕನ ಮನೆಗೇ ಹೋಗುತ್ತೇನೆ, ಊಟದ ಜೊತೆ ಭಾವನನ್ನೂ ಒಂದಿಷ್ಟು ಹುರಿಯುತ್ತೇನೆ. ಚಳಿಗಾಲ ಬಂತೆಂದರೆ ಆ ಮನೆಯಲ್ಲಿ ಪಾತ್ರೆ ತೊಳೆಯುವವರು ಭಾವ. "ಚಳಿ ಗೆದ್ದ ಶೂರರು ಸಿಂಕಿನ ಮುಂದೆ ನಿಂತಿದ್ದೀರಲ್ಲ, ಅಕ್ಕನಿಗೆ ಅಷ್ಟೊಂದು ಹೆದರಿಕೆಯಾ?" ಎಂದರೆ ತಟ್ಟೆ ಉಜ್ಜುತ್ತಾ ಹೋಗುತ್ತಾರೆ. ಅಕ್ಕನೂ ಕಮ್ಮಿಯಿಲ್ಲ. ಬೇಸಿಗೆಯಲ್ಲಿ ಬೆವರೊರೆಸಿಕೊಂಡು ಸ್ವೆಟರ್ ಹೆಣೆಯುತ್ತಾಳೆ, ಸ್ವೆಟರಿಗೆ ಜನ ಬಾಗಿಲು ತಟ್ಟುವ ಚಳಿಗಾಲದಲ್ಲಿ ಕೈಕಟ್ಟಿ ಕೂರುತ್ತಾಳೆ. ವ್ಯಾಪಾರದ ಬುದ್ಧಿ ಸ್ವಲ್ಪವೂ ಇಲ್ಲ ಎಂದು ಅವಳಿಗೂ ಬೈದಿದ್ದೇನೆ.

ಈ ವರ್ಷದ ಚಳಿ ಭಾವನ ನೆಮ್ಮದಿ ಕೆಡಿಸಿತು. ಮೈನಸ್ ಮೂರು ಆಯಿತು, ನಾಲ್ಕು ಆಯಿತು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಹವಾಮಾನ ಕೇಂದ್ರಕ್ಕೆ ಓಡತೊಡಗಿದರು. "ಎಷ್ಟಮ್ಮಾ ಇವತ್ತು?" ಎಂದು ಅಲ್ಲಿಯ ಹೊಸ ವೀಕ್ಷಕಿಯನ್ನು ಕೇಳುವಾಗ ಪರೀಕ್ಷೆಯ ಫಲಿತಾಂಶ ಕೇಳುವವರ ಮುಖ. ಮೈನಸ್ ಐದೂವರೆಗೆ ಇಳಿದ ದಿನ ಊಟ ಸೇರಲಿಲ್ಲ. ಮರುದಿನ ಮೂರಕ್ಕೆ ಏರಿತು. ದಾಖಲೆ ಉಳಿಯಿತೆಂದು ನಮಗೆಲ್ಲ ಬಿಸ್ಕತ್ತು ಹಂಚಿದರು.

ಆ ಬಿಸ್ಕತ್ತು ಅರಗುವ ಮೊದಲೇ ವೀಕ್ಷಕಿ ಅವರನ್ನು ಕೂರಿಸಿಕೊಂಡು ಹೇಳಿದಳು: "ಸರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಏಳು ಪಾಯಿಂಟ್ ನಾಲ್ಕರ ಮೇಲೆ ಮೇಲಿನ ಆಫೀಸಿಗೆ ಅನುಮಾನ ಬಂದಿದೆ. ಅವತ್ತು ಸುತ್ತಮುತ್ತ ಎಲ್ಲೂ ಮೈನಸ್ ಮೂರರ ಕೆಳಗೆ ಹೋಗಿಲ್ಲ. ಕಡ್ಡಿಯ ತಪ್ಪು ತುದಿ ಓದಿರಬೇಕು ಅಂತಾರೆ."

ಆ ಕಡ್ಡಿಯ ವಿಷಯ ನನಗೆ ಭಾವನೇ ವಿವರಿಸಿದರು. ಆ ಥರ್ಮಾಮೀಟರಿನ ಕೊಳವೆಯೊಳಗೆ ಒಂದು ಪುಟ್ಟ ಕಪ್ಪು ಕಡ್ಡಿ ಇರುತ್ತದೆ. ಉಷ್ಣತೆ ಇಳಿದಷ್ಟೂ ಅದು ಕೊಳವೆಯ ಬುಡದಲ್ಲಿರುವ ಗುಂಡು ಬುರುಡೆಯ ಕಡೆಗೆ ಜಾರಿ, ಅತಿ ಕಡಿಮೆ ಆದಲ್ಲಿ ನಿಂತುಬಿಡುತ್ತದೆ. ಬುರುಡೆಯಿಂದ ದೂರದ ತುದಿಯನ್ನು ಓದಬೇಕು. ಹತ್ತಿರದ್ದನ್ನು ಓದಿದರೆ ನಾಲ್ಕು ಡಿಗ್ರಿ ಸುಳ್ಳು ಚಳಿ. ಆಧಾರವೇನಾದರೂ ಇದ್ದರೆ ಶುಕ್ರವಾರದೊಳಗೆ ತರಬೇಕು, ಇಲ್ಲದಿದ್ದರೆ ಹಳೆಯ ಅಂಕಿಯನ್ನು ಹೊಡೆದುಹಾಕಿ ಈ ವರ್ಷದ್ದನ್ನು ದಾಖಲೆ ಎಂದು ಬರೆಯುತ್ತಾರಂತೆ.

ಆಧಾರ ಇತ್ತು. ಅಕ್ಕನ ಸ್ವೆಟರ್ ಡಿಸೈನಿನ ಪುಸ್ತಕದೊಳಗೆ ಒಂದು ಚೌಕುಳಿ ಹಾಳೆಯಲ್ಲಿ ಇತ್ತು. ಕಡ್ಡಿಗೆ ಎರಡು ತುದಿ ಇರುತ್ತವೆಂದು ಭಾವ ಹೇಳಿಕಳಿಸಿರಲಿಲ್ಲ. ಪೆಟ್ಟಿಗೆಯ ಮುಂದೆ ನಿಂತ ಅಕ್ಕ, ಹೆಣಿಗೆಯ ಮನೆ ಎಣಿಸುವ ಹಾಗೆ ಗೆರೆ ಎಣಿಸಿ, ಬುರುಡೆ, ಕಡ್ಡಿ, ಅಂಕಿಗಳ ಸಮೇತ ಇಡೀ ಥರ್ಮಾಮೀಟರನ್ನೇ ಬರೆದುಕೊಂಡು ಬಂದಿದ್ದಳು. ಭಾವ ಹಾಸಿಗೆಯಲ್ಲಿ ಕೂತು ಸರಿಯಾದ ತುದಿಗೆ ಬಾಣ ಹಾಕಿ ತಾರೀಕು ಬರೆದಿದ್ದರು. ಆದರೆ ಚಿತ್ರದ ಅಂಕಿಗಳೆಲ್ಲ ಅಕ್ಕನ ಕೈಬರಹ, ಆ ಹಾಳೆ ತೋರಿಸಿದರೆ ಪೆಟ್ಟಿಗೆಯ ಮುಂದೆ ನಿಂತವರು ಯಾರೆಂದು ಹೇಳಲೇಬೇಕು. ನಲವತ್ತು ವರ್ಷದ ಮೀಸೆ ಒಂದೇ ಏಟಿಗೆ ಬೋಳಿಸಿದ ಹಾಗೆ.

"ನೀನೇ ತೆಗೆದುಕೊಡಬಾರದಾ?" ಎಂದು ಅಕ್ಕನನ್ನು ಕೇಳಿದೆ.

"ಅವರೇ ಕೇಳಲಿ. ನಾನಾಗಿ ಕೊಟ್ರೆ ಅವರ ಮರ್ಯಾದೆ ನಾನು ಕಳೆದ ಹಾಗಾಗುತ್ತೆ" ಎಂದಳು.

ಭಾವ ಎರಡು ದಿನ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತರು. ಗುರುವಾರ ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದಾಗ, ತೊಳೆದ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಅಕ್ಕನ ಕಡೆ ತಿರುಗಿದರು.

"ಅಂಕಿ ಓದಿದವರಿಗೆ ಕೆಲಸ ಗೊತ್ತಿರಲಿಲ್ಲ ಅಂತ ಬರೀತಾರಂತೆ."

"ಬರೆದರೆ ನಿಮ್ಮ ಮೇಲೆ ತಾನೆ. ಸಹಿ ನಿಮ್ದು."

"ಓದಿದ್ದು ನೀನು ಅಂತ ನಂಗೆ ಗೊತ್ತಲ್ಲ. ನೀನು ತಪ್ಪು ಮಾಡಿಲ್ಲ. ಆ ಹಾಳೆ ಕೊಡು, ನಾಳೆ ನೀನೂ ಬಾ."

ಶುಕ್ರವಾರ ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ಇಂಥದ್ದನ್ನು ತಪ್ಪಿಸಿಕೊಂಡರೆ ನಾನು ಎಂಥ ನಾದಿನಿ. ಭಾವ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, "ನಾನು ಕಂಬಳಿ ಹೊದ್ದು ಮಲಗಿದ್ದೆ. ಓದಿದ್ದು ಇವಳು" ಎಂದರು. ಮೀಸೆ ಇಲ್ಲ, ಅರ್ಧ ಮೈಲಿ ಇಲ್ಲ. ಇಷ್ಟು ಚುಟುಕಾಗಿ ಅವರು ಕಥೆ ಹೇಳಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ವೀಕ್ಷಕಿ ಭೂತಗನ್ನಡಿ ಹಿಡಿದು ಗೆರೆಗಳನ್ನು ಎಣಿಸಿದಳು. ಬುರುಡೆಯ ಕಡೆಯ ತುದಿ ಹನ್ನೊಂದರ ಕೆಳಗೆ, ದೂರದ ತುದಿ ಸರಿಯಾಗಿ ಏಳು ಪಾಯಿಂಟ್ ನಾಲ್ಕು. ಎರಡನೇ ಸಲ ಎಣಿಸಿ, "ನಿಮ್ಮ ಅಂಕಿ ಸರಿಯಾಗೇ ಇದೆ, ಸರ್" ಎಂದಳು. ಆಮೇಲೆ ಅಕ್ಕನ ಕಡೆ ನೋಡಿ ಕೇಳಿದಳು: "ಅಮ್ಮಾ, ಇಷ್ಟು ಸಣ್ಣ ಗೆರೆಗಳು. ಕೈಗೆ ಗ್ಲೌಸ್ ಇರಲಿಲ್ವಾ?"

"ಇತ್ತು. ಹಾಕ್ಕೊಂಡು ಪೆನ್ಸಿಲ್ ಹಿಡಿಯೋಕೆ ಆಗಲಿಲ್ಲ, ತೆಗೆದೆ. ಒಂದು ಇಪ್ಪತ್ತು ನಿಮಿಷ ಆಗಿರಬೇಕು" ಎಂದು ಅಕ್ಕ ಬಲಗೈಯನ್ನು ಶಾಲಿನೊಳಗೆ ಸರಿಸಿಕೊಂಡಳು.

ಭಾವ ಅದನ್ನು ನೋಡಿದರು. "ಎರಡು ಬೆರಳು ಆವತ್ತು ಚಳಿಗೆ ಮರಗಟ್ಟಿದ್ದು, ಪೂರ್ತಿ ಸರಿಹೋಗಲೇ ಇಲ್ಲ. ಈಗಲೂ ಚಳಿ ಶುರುವಾದ್ರೆ ಸೂಜಿ ಹಿಡಿಯೋಕಾಗಲ್ಲ, ತಣ್ಣೀರು ಮುಟ್ಟೋಕಾಗಲ್ಲ" ಎಂದರು.

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನಲವತ್ತು ಚಳಿಗಾಲ ಆ ಸಿಂಕಿನ ಪಕ್ಕದಲ್ಲಿ ನಿಂತು ನಾನು ಆಡಿದ ಮಾತುಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಇಬ್ಬರಲ್ಲಿ ಒಬ್ಬರೂ ನನಗೆ ಒಂದು ಮಾತು ಹೇಳಿರಲಿಲ್ಲ.

ವೀಕ್ಷಕಿ ಅಂಕಿಯ ಪಕ್ಕದ ಖಾಲಿ ಜಾಗದಲ್ಲಿ "ಓದಿದವರು" ಎಂದು ಬರೆದು ಪೆನ್ನು ನಿಲ್ಲಿಸಿದಳು. ಭಾವ ಅಕ್ಕನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬರೆಸಿದರು, ಸರಿಯಾಗಿದೆಯೇ ಎಂದು ಬಗ್ಗಿ ನೋಡಿದರು.

ಹೊರಗೆ ಬಂದಾಗ ಅಕ್ಕ ನನ್ನ ಕಿವಿಯಲ್ಲಿ, "ನೋಡ್ತಿರು, ಮುಂದಿನ ವರ್ಷ ಆ ಮೀಸೆ ನನಗೇ ಅಂಟಿಸ್ತಾರೆ" ಎಂದಳು.

ಆ ಮಧ್ಯಾಹ್ನ ಊಟ ಮುಗಿದ ಮೇಲೆ ಭಾವ ಎಂದಿನಂತೆ ತೋಳು ಮಡಚಿಕೊಂಡು ಸಿಂಕಿನ ಮುಂದೆ ನಿಂತರು. ಏನಾದರೂ ಅನ್ನುತ್ತೇನೆಂದು ನನ್ನ ಕಡೆ ಒಮ್ಮೆ ನೋಡಿದರು. ನಾನು ಒಣ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತು, ಅವರು ಕೊಟ್ಟ ತಟ್ಟೆಗಳನ್ನು ಒಂದೊಂದಾಗಿ ಒರೆಸಿಟ್ಟೆ.